ಗಿರಣಿಗಳು ಕಟ್ಟಿದ ಕೌಂಟಿ: ಗ್ರೇಟರ್ ಮ್ಯಾಂಚೆಸ್ಟರಿನ ನೆಲ, ಜನ ಮತ್ತು ಆಡಳಿತ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಪೆನ್ನೈನ್ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ ಹಬ್ಬಿರುವ ಗ್ರೇಟರ್ ಮ್ಯಾಂಚೆಸ್ಟರ್, 1972ರ ಸ್ಥಳೀಯ ಆಡಳಿತ ಕಾಯ್ದೆಯ ಮೂಲಕ ರೂಪುಗೊಂಡು 1974ರ ಏಪ್ರಿಲ್ 1ರಂದು ಅಸ್ತಿತ್ವಕ್ಕೆ ಬಂದ ಆರು ಮಹಾನಗರ ಕೌಂಟಿಗಳಲ್ಲಿ ಒಂದು. ಕೌಂಟಿ ಎಂಬುದು ಸ್ಥೂಲವಾಗಿ ಕರ್ನಾಟಕದ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ವಿಭಾಗ; ಬೆಳೆಯುತ್ತ ಬೆಳೆಯುತ್ತ ಒಂದಕ್ಕೊಂದು ಕೂಡಿಕೊಂಡ ಹಲವು ಪಟ್ಟಣಗಳನ್ನು ಒಟ್ಟಾಗಿ ನಿರ್ವಹಿಸಲೆಂದು ಹೊಸದಾಗಿ ಎಲ್ಲೆ ಗುರುತಿಸಿ ರಚಿಸಿದ ಕೌಂಟಿಯನ್ನು ಮಹಾನಗರ ಕೌಂಟಿ ಎನ್ನುತ್ತಾರೆ. 1,276 ಚದರ ಕಿಲೋಮೀಟರ್ ವಿಸ್ತಾರದ ಈ ಕೌಂಟಿಯಲ್ಲಿ 2021ರ ಜನಗಣತಿಯ ಪ್ರಕಾರ ಸುಮಾರು 28 ಲಕ್ಷ 68 ಸಾವಿರ ಜನರಿದ್ದರು. ಮ್ಯಾಂಚೆಸ್ಟರ್, ಸಾಲ್ಫರ್ಡ್, ಬೋಲ್ಟನ್, ಬರಿ, ಓಲ್ಡಮ್, ರಾಚ್‌ಡೇಲ್, ಸ್ಟಾಕ್‌ಪೋರ್ಟ್, ಟೇಮ್‌ಸೈಡ್, ಟ್ರಾಫರ್ಡ್ ಮತ್ತು ವಿಗನ್ ಎಂಬ ಹತ್ತು ಬರೋಗಳು, ಅಂದರೆ ತಮ್ಮದೇ ಚುನಾಯಿತ ಕೌನ್ಸಿಲ್ ಇರುವ ಪೌರಾಡಳಿತ ಘಟಕಗಳು, ಇದರೊಳಗಿವೆ. ಇವುಗಳಲ್ಲಿ ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡ್ ಎರಡಕ್ಕೆ ಮಾತ್ರ ನಗರವೆಂಬ ರಾಜದತ್ತ ಮನ್ನಣೆಯಿದೆ. ಹತ್ತಿ ಗಿರಣಿ ಮತ್ತು ಕಲ್ಲಿದ್ದಲು ಗಣಿಗಳ ಸುತ್ತ ಹತ್ತೊಂಬತ್ತನೆಯ ಶತಮಾನದಲ್ಲೇ ಒಂದಾಗಿದ್ದ ಈ ಪ್ರದೇಶಕ್ಕೆ ಒಂದೇ ಆಡಳಿತ ದೊರೆಯಲು ಒಂದೂವರೆ ಶತಮಾನ ಹಿಡಿಯಿತು. ದೊರೆತ ಆಡಳಿತವೂ ಹನ್ನೆರಡೇ ವರ್ಷಗಳಲ್ಲಿ ರದ್ದಾಯಿತು. ಆದರೂ ಕೌಂಟಿ ಅಳಿಯಲಿಲ್ಲ. ಅದು ಉಳಿದ ಬಗೆಯನ್ನು ತಿಳಿಯಲು ಅಲ್ಲಿನ ನೆಲದಿಂದಲೇ ಆರಂಭಿಸಬೇಕಾಗುತ್ತದೆ.

ಕೌಂಟಿಯ ಉತ್ತರ ಮತ್ತು ಪೂರ್ವ ದಿಕ್ಕುಗಳನ್ನು ಪೆನ್ನೈನ್ ಬೆಟ್ಟಗಳು ಸುತ್ತುವರಿದಿವೆ. ಪೂರ್ವದ ಸ್ಯಾಡಲ್‌ವರ್ತ್ ಬಳಿ ಇರುವ 542 ಮೀಟರ್ ಎತ್ತರದ ಬ್ಲ್ಯಾಕ್ ಚ್ಯೂ ಹೆಡ್ ಇಡೀ ಕೌಂಟಿಯ ಅತಿ ಎತ್ತರದ ಸ್ಥಳವಾಗಿದೆ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ತೇವದ ಗಾಳಿ ಈ ಬೆಟ್ಟಗಳಿಗೆ ತಾಗಿ ಮಳೆ ಸುರಿಸುತ್ತದೆ, ಮತ್ತು ಆ ನೀರು ಇರ್ವೆಲ್, ರಾಚ್, ಇರ್ಕ್, ಮೆಡ್‌ಲಾಕ್, ಟೇಮ್ ಮುಂತಾದ ಸಣ್ಣ ನದಿಗಳಾಗಿ ಕಿರಿದಾದ ಕಣಿವೆಗಳ ಮೂಲಕ ಇಳಿಯುತ್ತದೆ. ಟೇಮ್ ಮತ್ತು ಗಾಯ್ಟ್ ನದಿಗಳು ಸ್ಟಾಕ್‌ಪೋರ್ಟ್ ಪಟ್ಟಣದ ನಡುವೆ ಕೂಡಿ ಮರ್ಸಿ ನದಿಯಾಗಿ ಪಶ್ಚಿಮಕ್ಕೆ ಹರಿದು ಲಿವರ್‌ಪೂಲಿನ ಬಳಿ ಸಮುದ್ರ ಸೇರುತ್ತವೆ. ದಕ್ಷಿಣಕ್ಕೆ ಹೈನುಗಾರಿಕೆಗೆ ಹೆಸರಾದ ಚೆಷೈರ್ ಬಯಲಿದ್ದರೆ, ಪಶ್ಚಿಮಕ್ಕೆ ಚಾಟ್ ಮಾಸ್ ಎಂಬ ವಿಶಾಲ ಜೌಗು ಪ್ರದೇಶವಿದೆ. ಸಹಸ್ರಾರು ವರ್ಷಗಳಿಂದ ಪಾಚಿ ಕೊಳೆತು ಪದರ ಪದರವಾಗಿ ಶೇಖರವಾದ ಈ ಮೆತ್ತನೆಯ ನೆಲದ ಮೇಲೆ, ಜಾರ್ಜ್ ಸ್ಟೀಫನ್‌ಸನ್ ಕುರುಚಲು ಕಡ್ಡಿಗಳ ತಡಿಕೆಗಳನ್ನು ಹಾಸಿ, ಅವುಗಳ ಮೇಲೆ ಹಳಿ ತೇಲುವಂತೆ ಮಾಡಿ, 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗವನ್ನು ದಾಟಿಸಿದರು.

ಹತ್ತಿಯ ಕಸುಬಿಗೆ ಬೇಕಾದುದೆಲ್ಲ ಈ ನೆಲದಲ್ಲಿ ಒಂದೆಡೆ ಒದಗಿತ್ತು. ಒಣ ಹವೆಯಲ್ಲಿ ತಟ್ಟನೆ ತುಂಡಾಗುವ ಸಣ್ಣ ಎಳೆಯ ನೂಲು ಇಲ್ಲಿನ ತೇವದ ಹವೆಯಲ್ಲಿ ತಾಳಿಕೊಳ್ಳುತ್ತಿತ್ತು. ಗಡಸು ಮರಳುಗಲ್ಲಿನ ಬೆಟ್ಟಗಳಿಂದ ಇಳಿದ, ಸುಣ್ಣದ ಅಂಶ ಕಡಿಮೆಯಿದ್ದ ಮೆದು ನೀರು ಬಟ್ಟೆಯನ್ನು ಬಿಳುಪಾಗಿಸಲು ಮತ್ತು ಬಣ್ಣ ಹಾಕಲು ಅನುಕೂಲವಾಗಿತ್ತು. ಮೊದಲು ತೊರೆಗಳ ರಭಸ ಗಾಲಿ ತಿರುಗಿಸಿತು, ಬಳಿಕ ವಿಗನ್, ಬೋಲ್ಟನ್, ಓಲ್ಡಮ್ ಸುತ್ತಿನ ಗಣಿಗಳ ಕಲ್ಲಿದ್ದಲು ಉಗಿಯಂತ್ರ ನಡೆಸಿತು. ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ಬ್ರಿಜ್‌ವಾಟರ್ ಡ್ಯೂಕ್ 1761ರಲ್ಲಿ ತೆರೆದ ಕಾಲುವೆಯಿಂದಾಗಿ ಪಟ್ಟಣದಲ್ಲಿ ಕಲ್ಲಿದ್ದಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಬೋಲ್ಟನ್ನಿನ ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ರೂಪಿಸಿದ ‘ಮ್ಯೂಲ್’ ಯಂತ್ರ ಸಣ್ಣದೂ ಗಟ್ಟಿಯೂ ಆದ ನೂಲನ್ನು ಒಟ್ಟೊಟ್ಟಿಗೆ ನೂರಾರು ಕದಿರುಗಳಲ್ಲಿ ತೆಗೆಯುವುದನ್ನು ಸಾಧ್ಯವಾಗಿಸಿದ ಮೇಲೆ, ಮನೆ ಮನೆಯ ಕಸುಬಾಗಿದ್ದ ನೂಲುವಿಕೆ ಗಿರಣಿಯ ಸೂರಿನಡಿ ಸೇರಿತು. ಕಾಲಕ್ರಮದಲ್ಲಿ ಒಂದು ಬಗೆಯ ಶ್ರಮವಿಭಜನೆಯೂ ಏರ್ಪಟ್ಟಿತು: ಓಲ್ಡಮ್, ಬೋಲ್ಟನ್ನುಗಳು ನೂಲು ತೆಗೆದವು, ಹಲವು ಸಣ್ಣ ಊರುಗಳು ನೇಯ್ದವು ಮತ್ತು ಬಣ್ಣ ಹಾಕಿದವು, ಮ್ಯಾಂಚೆಸ್ಟರ್ ಗಿರಣಿಗಳ ಜೊತೆಗೆ ಉಗ್ರಾಣ, ಬ್ಯಾಂಕು ಮತ್ತು ಸಗಟು ವ್ಯಾಪಾರದ ಕೇಂದ್ರವಾಗಿ ಇವೆಲ್ಲವನ್ನೂ ಲೋಕದ ಮಾರುಕಟ್ಟೆಗೆ ಜೋಡಿಸಿತು. ಹೀಗೆ ಒಂದೂರಿನ ಬದುಕು ಇನ್ನೊಂದೂರಿನ ಬದುಕಿಗೆ ಹೆಣೆದುಕೊಂಡದ್ದರಿಂದ, 1801ರಲ್ಲಿ ಸುಮಾರು 70 ಸಾವಿರವಿದ್ದ ಮ್ಯಾಂಚೆಸ್ಟರಿನ ಜನಸಂಖ್ಯೆ 1851ರ ಹೊತ್ತಿಗೆ 3 ಲಕ್ಷ ದಾಟಿದುದಷ್ಟೇ ಅಲ್ಲದೆ, ಸುತ್ತಲಿನ ಪಟ್ಟಣಗಳೂ ಅದೇ ವೇಗದಲ್ಲಿ ಹಿಗ್ಗಿ ನಡುವಣ ಹೊಲಗದ್ದೆಗಳನ್ನು ನುಂಗಿದವು.

ಆಡಳಿತ ಮಾತ್ರ ಈ ಬೆಳವಣಿಗೆಯ ಹಿಂದೆಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೂ ಮ್ಯಾಂಚೆಸ್ಟರ್ ಕಾನೂನಿನ ದೃಷ್ಟಿಯಲ್ಲಿ ಮೋಸ್ಲಿ ಮನೆತನದ ಒಡೆತನಕ್ಕೆ ಸೇರಿದ ಒಂದು ‘ಮಾನರ್’, ಎಂದರೆ ಮಧ್ಯಯುಗದಿಂದ ಬಂದ ಜಹಗೀರಿನಂಥ ಭೂಹಿಡುವಳಿಯಾಗಿತ್ತು. ‘ಕೋರ್ಟ್ ಲೀಟ್’ ಎಂಬ ಒಡೆಯನ ನ್ಯಾಯಸಭೆ ವರ್ಷವರ್ಷವೂ ಕೂಡಿ, ‘ಬರೋರೀವ್’ ಎಂಬ ಊರಿನ ಮುಖ್ಯಸ್ಥನನ್ನೂ, ಬ್ರೆಡ್ಡು, ಬಿಯರು, ಮಾಂಸಗಳ ಗುಣವನ್ನು ಪರೀಕ್ಷಿಸುವ ಸಣ್ಣಪುಟ್ಟ ಅಧಿಕಾರಿಗಳನ್ನೂ ನೇಮಿಸುತ್ತಿತ್ತು. ಹಳ್ಳಿಯೊಂದಕ್ಕೆ ತಕ್ಕುದಾದ ಈ ಏರ್ಪಾಡಿನ ಪಕ್ಕದಲ್ಲಿ, ದೀಪ, ಕಾವಲು ಮತ್ತು ಬೀದಿಯ ಸ್ವಚ್ಛತೆಗಾಗಿ ಸಂಸತ್ತಿನ ಪ್ರತ್ಯೇಕ ಕಾಯ್ದೆಯಿಂದ ರಚಿತವಾದ ಪೊಲೀಸ್ ಕಮಿಷನರುಗಳ ಮಂಡಳಿಯೂ ಕೆಲಸ ಮಾಡುತ್ತಿತ್ತು. ಬೀದಿದೀಪಕ್ಕಾಗಿ ಸಾರ್ವಜನಿಕ ಹಣದಲ್ಲೇ ಅನಿಲ ತಯಾರಿಸುವ ಘಟಕವನ್ನು 1817ರಲ್ಲಿ ಅದು ಆರಂಭಿಸಿತ್ತು. ಇಷ್ಟು ದೊಡ್ಡ ಊರಿಗೆ ಸಂಸತ್ತಿನಲ್ಲಿ ಒಬ್ಬನೇ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1819ರ ಆಗಸ್ಟ್ 16ರಂದು ಮತದಾನದ ಹಕ್ಕಿನ ಬೇಡಿಕೆಯಿಟ್ಟುಕೊಂಡು, ಸುಧಾರಣಾವಾದಿ ಹೆನ್ರಿ ಹಂಟನ ಭಾಷಣ ಕೇಳಲು ಸೇಂಟ್ ಪೀಟರ್ ಮೈದಾನದಲ್ಲಿ ಸೇರಿದ ಸುಮಾರು 60 ಸಾವಿರ ಜನರ ಮೇಲೆ ಮ್ಯಾಜಿಸ್ಟ್ರೇಟರು ಕುದುರೆಪಡೆಯನ್ನು ನುಗ್ಗಿಸಿದರು. ಹದಿನೆಂಟು ಮಂದಿಯ ಸಾವಿಗೆ ಮತ್ತು ನೂರಾರು ಜನ ಗಾಯಗೊಳ್ಳಲು ಕಾರಣವಾದ ಈ ಘಟನೆ, ವಾಟರ್ಲೂ ಕದನವನ್ನು ಅಣಕಿಸಿ ‘ಪೀಟರ್ಲೂ’ ಎಂದು ಹೆಸರಾಯಿತು. ಅಂದು ಓಲ್ಡಮ್, ರಾಚ್‌ಡೇಲ್, ಸ್ಟಾಕ್‌ಪೋರ್ಟ್, ಮಿಡಲ್‌ಟನ್ ಮುಂತಾದ ಊರುಗಳಿಂದ ಜನ ಮೆರವಣಿಗೆಯಲ್ಲಿ ನಡೆದು ಬಂದಿದ್ದುದನ್ನು ಗಮನಿಸಿದರೆ, ಮುಂದೆ ಕೌಂಟಿಯ ಎಲ್ಲೆಯೊಳಗೆ ಸೇರಲಿದ್ದ ಊರುಗಳು ರಾಜಕೀಯವಾಗಿ ಆಗಲೇ ಒಂದೇ ಮೈದಾನವನ್ನು ತಮ್ಮದೆಂದು ಕಂಡಿದ್ದವೆನ್ನಬಹುದು.

1832ರ ಸುಧಾರಣಾ ಕಾಯ್ದೆ ಮ್ಯಾಂಚೆಸ್ಟರಿಗೆ ಇಬ್ಬರು ಸಂಸದರನ್ನು ಕೊಟ್ಟಿತು. 1835ರ ಪೌರಸಂಸ್ಥೆಗಳ ಕಾಯ್ದೆಯ ಬಲದಿಂದ, ರಿಚರ್ಡ್ ಕಾಬ್ಡೆನ್ ಮುಂತಾದ ವ್ಯಾಪಾರಿಗಳ ಹೋರಾಟದ ಫಲವಾಗಿ, 1838ರಲ್ಲಿ ಚುನಾಯಿತ ಪೌರಸಂಸ್ಥೆ ಸ್ಥಾಪನೆಯಾಯಿತು. ಈ ಸಂಸ್ಥೆ 1846ರಲ್ಲಿ ಮಾನರಿನ ಹಕ್ಕುಗಳನ್ನು ಮೋಸ್ಲಿ ಮನೆತನದಿಂದ 2 ಲಕ್ಷ ಪೌಂಡು ಕೊಟ್ಟು ಖರೀದಿಸಿತು; ತನ್ನ ಪೇಟೆಯ ಸುಂಕ ಎತ್ತುವ ಹಕ್ಕನ್ನು ಊರು ತನ್ನ ಒಡೆಯನಿಂದಲೇ ಕೊಂಡುಕೊಳ್ಳಬೇಕಾಗಿ ಬಂದುದು ಹಳೆಯ ವ್ಯವಸ್ಥೆಯ ಬೇರು ಎಷ್ಟು ಆಳಕ್ಕಿಳಿದಿತ್ತೆಂಬುದಕ್ಕೆ ಸಾಕ್ಷಿ. 1848ರಿಂದ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಜಲಾಶಯಗಳ ಸರಣಿಯನ್ನು ಕಟ್ಟಲಾರಂಭಿಸಿ, ಅದೂ ಸಾಲದೆ 1894ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಥರ್ಲ್‌ಮಿಯರ್ ಸರೋವರದಿಂದ ನೀರು ತಂದ ಮ್ಯಾಂಚೆಸ್ಟರ್, ತನ್ನ ಬದುಕಿಗೆ ಬೇಕಾದುದನ್ನು ತನ್ನ ಎಲ್ಲೆಯಾಚೆಗೆ ಹೋಗಿ ಹೊಂದಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿತ್ತು.

ಈ ರೂಢಿಯ ಅತಿ ದೂರದ ಪರಿಣಾಮ ಕಂಡುಬಂದದ್ದು ಕರ್ನಾಟಕದಲ್ಲಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ರಾಜ್ಯಗಳಿಂದ ಹತ್ತಿ ಬರುವುದು ನಿಂತಾಗ, ಮ್ಯಾಂಚೆಸ್ಟರ್ ಆಗ ಸೇರಿದ್ದ ಲ್ಯಾಂಕಷೈರ್ ಕೌಂಟಿಯ ಗಿರಣಿಗಳು ಬಾಗಿಲು ಹಾಕಿದವು; 1862ರ ಕೊನೆಯ ಹೊತ್ತಿಗೆ ಸುಮಾರು ಐದು ಲಕ್ಷ ಜನ ದತ್ತಿ ಮತ್ತು ಸರ್ಕಾರಿ ಪರಿಹಾರವನ್ನು ನಂಬಿ ಬದುಕುವಂತಾಯಿತು. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಬೆಳೆಸಲಾಗುತ್ತಿದ್ದುದರಿಂದ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಅತ್ತ ಹರಿಯಿತು. ಹತ್ತಿಯ ಅಂಡಿಗೆಗಳು ಘಟ್ಟವಿಳಿದು ಹಡಗು ಸೇರಲು ಕಾರವಾರದ ಕೊಲ್ಲಿಯೇ ಹತ್ತಿರದ ದಾರಿಯೆಂದು ಅವರು ರಸ್ತೆ ಮತ್ತು ಬಂದರಿಗಾಗಿ ಸರ್ಕಾರವನ್ನು ಒತ್ತಾಯಿಸತೊಡಗಿದರು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿಯೂ ಬಂದರಿದ್ದ ಕಾರವಾರ ಮದ್ರಾಸ್ ಪ್ರಾಂತದಲ್ಲಿಯೂ ಇದ್ದುದು ಈ ಕೆಲಸಕ್ಕೆ ತೊಡಕಾಗಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ತೀರ್ಮಾನದ ಹಿಂದೆ ಈ ಒತ್ತಡವೂ ಕೆಲಸ ಮಾಡಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಸದಾಶಿವಗಡದ ಬಳಿ ನೆಲೆಯೂರಲು ಯತ್ನಿಸಿತಾದರೂ ಹೆಚ್ಚು ಕಾಲ ಬಾಳಲಿಲ್ಲ; ಯುದ್ಧ ಮುಗಿದ ಮೇಲೆ ಗಿರಣಿಗಳು ಅಮೆರಿಕದ ಹತ್ತಿಗೇ ಮರಳಿದವು. ಉತ್ತರ ಕನ್ನಡದ ಹೊಸ ಎಲ್ಲೆ ಮಾತ್ರ ಉಳಿಯಿತು. ಸಾಗರದಾಚೆಯ ಜಿಲ್ಲೆಯೊಂದರ ಗಡಿ ಬದಲಾಗುವಷ್ಟು ಪ್ರಭಾವವಿದ್ದ ವ್ಯಾಪಾರಿಗಳ ಊರು, ಇರ್ವೆಲ್ ನದಿಯ ಸೇತುವೆಯಾಚೆ ಕೂಗಳತೆಯಲ್ಲಿದ್ದ ಸಾಲ್ಫರ್ಡಿನೊಂದಿಗೆ ಒಂದೇ ಆಡಳಿತಕ್ಕೆ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಈ ವಿಳಂಬಕ್ಕೆ ಪಟ್ಟಣಗಳ ಸ್ವಾಭಿಮಾನವೂ ಕಾರಣ, ಕಾನೂನೂ ಕಾರಣ. 1888ರ ಸ್ಥಳೀಯ ಆಡಳಿತ ಕಾಯ್ದೆ ದೊಡ್ಡ ಪಟ್ಟಣಗಳನ್ನು ‘ಕೌಂಟಿ ಬರೋ’ಗಳೆಂದು ಗುರುತಿಸಿ, ಸುತ್ತಲಿನ ಕೌಂಟಿ ಕೌನ್ಸಿಲಿನ ಹಿಡಿತದಿಂದ ಹೊರಗಿಟ್ಟಿತು; ಮ್ಯಾಂಚೆಸ್ಟರ್, ಸಾಲ್ಫರ್ಡ್, ಬೋಲ್ಟನ್, ಬರಿ, ಓಲ್ಡಮ್, ರಾಚ್‌ಡೇಲ್, ಸ್ಟಾಕ್‌ಪೋರ್ಟ್, ವಿಗನ್ ಎಂಬ ಎಂಟು ಪಟ್ಟಣಗಳು ಹೀಗೆ ಸ್ವತಂತ್ರವಾಗಿ, ಪ್ರತಿಯೊಂದೂ ತನ್ನ ಪುರಭವನ, ತನ್ನ ಟ್ರಾಮು, ತನ್ನ ಗ್ರಂಥಾಲಯವನ್ನು ಪೈಪೋಟಿಯಿಂದ ಕಟ್ಟಿಕೊಂಡವು. ಆದರೆ ದೊಡ್ಡ ಕೆಲಸಗಳು ಈ ಎಲ್ಲೆಗಳೊಳಗೆ ಹಿಡಿಯುತ್ತಿರಲಿಲ್ಲ. ಸಮುದ್ರದಿಂದ ದೂರವಿದ್ದ ಮ್ಯಾಂಚೆಸ್ಟರಿಗೆ ನೇರವಾಗಿ ಹಡಗು ತರಲು 58 ಕಿಲೋಮೀಟರ್ ಉದ್ದದ ಹಡಗು ಕಾಲುವೆಯನ್ನು ತೋಡುವಾಗ ಕಂಪನಿಯ ಹಣ ಮುಗಿದುಹೋಗಿ, ಮ್ಯಾಂಚೆಸ್ಟರ್ ಪೌರಸಂಸ್ಥೆ 50 ಲಕ್ಷ ಪೌಂಡು ಸಾಲ ಕೊಟ್ಟು ಕೆಲಸ ಪೂರೈಸಿತು; 1894ರಲ್ಲಿ ತೆರೆದ ಈ ಕಾಲುವೆಯ ಕೊನೆಯಲ್ಲಿ ‘ಮ್ಯಾಂಚೆಸ್ಟರ್ ಬಂದರು’ ಎಂದು ಹೆಸರಾದ ದೊಡ್ಡ ಹಡಗುಕಟ್ಟೆಗಳು ನಿಂತದ್ದು ಸಾಲ್ಫರ್ಡಿನ ನೆಲದಲ್ಲಿ, ಅದನ್ನು ನೆಚ್ಚಿ 1896ರಲ್ಲಿ ಆರಂಭವಾದ ಟ್ರಾಫರ್ಡ್ ಪಾರ್ಕ್ ಕೈಗಾರಿಕಾ ವಸಾಹತು ಬೆಳೆದದ್ದು ಸ್ಟ್ರೆಟ್‌ಫರ್ಡಿನ ನೆಲದಲ್ಲಿ. ವಸತಿಯ ವಿಷಯವೂ ಇದೇ ಬಗೆಯದು. ಮ್ಯಾಂಚೆಸ್ಟರ್ 1931ರಲ್ಲಿ, ತನ್ನ ಜನಸಂಖ್ಯೆ 7 ಲಕ್ಷ 66 ಸಾವಿರಕ್ಕೇರಿದ್ದ ಕಾಲದಲ್ಲಿ, ಮರ್ಸಿ ನದಿಯಾಚೆಗಿನ ವಿದೆನ್‌ಷಾ ಪ್ರದೇಶವನ್ನು ನೆರೆಯ ಚೆಷೈರ್ ಕೌಂಟಿಯಿಂದ ತನ್ನೊಳಗೆ ಸೇರಿಸಿಕೊಂಡು ಉದ್ಯಾನ ಉಪನಗರವನ್ನು ಕಟ್ಟತೊಡಗಿತು. ಎರಡನೆಯ ಮಹಾಯುದ್ಧದ ನಂತರ ಕೊಳೆಗೇರಿಗಳನ್ನು ಕೆಡವಿದಾಗ ಮನೆ ಕಳೆದುಕೊಂಡ ಸಹಸ್ರಾರು ಕುಟುಂಬಗಳನ್ನು ಹ್ಯಾಟರ್ಸ್ಲಿ, ಲ್ಯಾಂಗ್ಲಿ ಮುಂತಾದ, ತನ್ನ ಎಲ್ಲೆಯ ಹೊರಗಿನ ಬಡಾವಣೆಗಳಲ್ಲಿ ನೆಲೆಗೊಳಿಸಿತು. ಹೀಗೆ ಹೋದವರ ಮನೆ ಒಂದು ಕೌಂಟಿಯಲ್ಲಿ, ದುಡಿಮೆ ಇನ್ನೊಂದರಲ್ಲಿ ಎಂಬಂತಾಯಿತು.

ಹೀಗೆ ಕೂಡಿಕೊಂಡ ನಗರಗಳ ಗುಂಪಿಗೆ ‘ಕಾನರ್ಬೇಷನ್’ ಎಂಬ ಹೆಸರನ್ನು ಕೊಟ್ಟವರು, ಮುಂದೆ ಭಾರತದ ಹಲವು ನಗರಗಳ ಯೋಜನೆಗೂ ಸಲಹೆ ನೀಡಿದ ಪ್ಯಾಟ್ರಿಕ್ ಗೆಡಿಸ್. 1915ರ ತಮ್ಮ ಗ್ರಂಥದಲ್ಲಿ ಲ್ಯಾಂಕಷೈರಿನ ಈ ನಗರಸಮೂಹವನ್ನು ಅವರು ಮುಖ್ಯ ನಿದರ್ಶನಗಳಲ್ಲಿ ಒಂದಾಗಿ ಚರ್ಚಿಸಿದ್ದರು. ಅರ್ಧ ಶತಮಾನದ ಬಳಿಕ, 1969ರಲ್ಲಿ, ಸ್ಥಳೀಯ ಆಡಳಿತದ ಪುನಾರಚನೆಗೆಂದು ನೇಮಕವಾದ ರೆಡ್‌ಕ್ಲಿಫ್-ಮಾಡ್ ಆಯೋಗ ಆಗ್ನೇಯ ಲ್ಯಾಂಕಷೈರ್ ಮತ್ತು ಈಶಾನ್ಯ ಚೆಷೈರ್ ಸೇರಿದ ಒಂದು ಮಹಾನಗರ ಪ್ರದೇಶವನ್ನು ಶಿಫಾರಸು ಮಾಡಿತು. 1972ರ ಕಾಯ್ದೆ ಅದನ್ನು ಕತ್ತರಿಸಿ ಚಿಕ್ಕದಾಗಿಸಿತು: ಚೆಷೈರಿನ ಸಿರಿವಂತ ಊರುಗಳಾದ ವಿಲ್ಮ್‌ಸ್ಲೊ ಮತ್ತು ಪಾಯ್ನ್‌ಟನ್ ಹೊರಗುಳಿದವು, ಗ್ಲಾಸಪ್ ಡರ್ಬಿಷೈರಿನಲ್ಲೇ ಉಳಿಯಿತು. ಯಾರ್ಕ್‌ಷೈರಿಗೆ ಸೇರಿದ್ದ ಸ್ಯಾಡಲ್‌ವರ್ತ್ ಮಾತ್ರ ಓಲ್ಡಮ್ ಬರೋವಿನೊಳಗೆ ಬಂದಿತು. ಬೆಟ್ಟದ ಪಶ್ಚಿಮಕ್ಕಿದ್ದರೂ ಶತಮಾನಗಳಿಂದ ಯಾರ್ಕ್‌ಷೈರಿನದೆನಿಸಿದ್ದ ಆ ಊರುಗಳಲ್ಲಿ ಹಳೆಯ ನಿಷ್ಠೆ ಇಂದಿಗೂ ಬಲವಾಗಿದ್ದು, ಆಗಸ್ಟ್ 1ರ ಯಾರ್ಕ್‌ಷೈರ್ ದಿನವನ್ನು ಅಲ್ಲಿ ಆಚರಿಸಲಾಗುತ್ತದೆ.

ಹೊಸ ವ್ಯವಸ್ಥೆ ಎರಡು ಹಂತಗಳದಾಗಿತ್ತು. ಸುಮಾರು ಎಪ್ಪತ್ತು ಹಳೆಯ ಸ್ಥಳೀಯ ಸಂಸ್ಥೆಗಳ ಜಾಗದಲ್ಲಿ ಬಂದ ಹತ್ತು ಬರೋಗಳು ಶಿಕ್ಷಣ, ವಸತಿ, ಸಮಾಜಸೇವೆ ಮತ್ತು ಗ್ರಂಥಾಲಯಗಳನ್ನು ನೋಡಿಕೊಂಡರೆ, 106 ಸದಸ್ಯರ ಗ್ರೇಟರ್ ಮ್ಯಾಂಚೆಸ್ಟರ್ ಕೌನ್ಸಿಲ್ ಸಾರಿಗೆ, ಪೊಲೀಸು, ಅಗ್ನಿಶಾಮಕ, ಕಸ ವಿಲೇವಾರಿ ಮತ್ತು ಒಟ್ಟಾರೆ ಭೂಬಳಕೆಯ ಯೋಜನೆಯನ್ನು ವಹಿಸಿಕೊಂಡಿತು. ಕೆಲಸ ಆರಂಭವಾದದ್ದು ಕೆಟ್ಟ ಗಳಿಗೆಯಲ್ಲಿ. ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಗಣಿಗಳು ಬರಿದಾಗುತ್ತಿದ್ದವು, 1982ರಲ್ಲಿ ಸಾಲ್ಫರ್ಡಿನ ಹಡಗುಕಟ್ಟೆಗಳೂ ಮುಚ್ಚಿದವು. ಮ್ಯಾಂಚೆಸ್ಟರ್ ನಗರದ ಉತ್ತರದ ರೈಲು ನಿಲ್ದಾಣ ವಿಕ್ಟೋರಿಯಾ ಮತ್ತು ದಕ್ಷಿಣದ ನಿಲ್ದಾಣ ಪಿಕಡಿಲಿಗಳನ್ನು ಹತ್ತೊಂಬತ್ತನೆಯ ಶತಮಾನದ ಪ್ರತಿಸ್ಪರ್ಧಿ ಕಂಪನಿಗಳು ಜೋಡಿಸದೆ ಬಿಟ್ಟಿದ್ದವು. ಅವೆರಡರ ನಡುವೆ ಸುರಂಗ ತೋಡುವ ಯೋಜನೆಗೆ ಕೇಂದ್ರ ಸರ್ಕಾರ ಹಣ ಕೊಡದಿದ್ದುದರಿಂದ 1970ರ ದಶಕದಲ್ಲೇ ಅದನ್ನು ಕೈಬಿಡಬೇಕಾಯಿತು. ಆದರೂ ಕೌನ್ಸಿಲ್ ಕೊಳೆತು ನಾರುತ್ತಿದ್ದ ನದಿಕಣಿವೆಗಳನ್ನು ಹಸಿರುಗೊಳಿಸಲು ಕೈಹಾಕಿತು, ರೈಲು ನಿಂತುಹೋಗಿದ್ದ ಸೆಂಟ್ರಲ್ ನಿಲ್ದಾಣವನ್ನು ಪ್ರದರ್ಶನ ಮಂದಿರವಾಗಿ ಮಾರ್ಪಡಿಸುವಲ್ಲಿ ಪಾಲ್ಗೊಂಡಿತು, 1830ರ ಲಿವರ್‌ಪೂಲ್ ರಸ್ತೆ ನಿಲ್ದಾಣವು ವಸ್ತುಸಂಗ್ರಹಾಲಯವಾಗಿ ಉಳಿಯಲು ನೆರವಾಯಿತು. ಅಷ್ಟರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಕನ್ಸರ್ವೇಟಿವ್ ಸರ್ಕಾರ, ಲೇಬರ್ ಪಕ್ಷದ ಹಿಡಿತದಲ್ಲಿದ್ದ ಮಹಾನಗರ ಕೌನ್ಸಿಲುಗಳನ್ನು ದುಂದುವೆಚ್ಚದ ಅನಗತ್ಯ ಹಂತವೆಂದು ನಿರ್ಧರಿಸಿ, 1985ರ ಕಾಯ್ದೆಯ ಮೂಲಕ 1986ರ ಮಾರ್ಚ್ 31ರಂದು ಆರನ್ನೂ ಲಂಡನ್ನಿನ ಕೌನ್ಸಿಲಿನೊಂದಿಗೆ ರದ್ದುಗೊಳಿಸಿತು.

ರದ್ದಾದದ್ದು ಕೌನ್ಸಿಲ್ ಮಾತ್ರ; ಕೌಂಟಿ ಕಾನೂನಿನ ಪುಸ್ತಕದಲ್ಲಿ ಹಾಗೆಯೇ ಇತ್ತು, ಅರಸೊತ್ತಿಗೆಯ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಹುದ್ದೆಯೂ ಮುಂದುವರಿಯಿತು. ಅದಕ್ಕಿಂತ ಮುಖ್ಯವಾದುದು ಹತ್ತು ಬರೋಗಳು ತಾವಾಗಿಯೇ ಮಾಡಿಕೊಂಡ ಏರ್ಪಾಡು. ಬೇರೆ ಮಹಾನಗರ ಕೌಂಟಿಗಳಲ್ಲಿಯಂತೆ ಇಲ್ಲಿಯೂ ಪೊಲೀಸು, ಅಗ್ನಿಶಾಮಕ, ಸಾರಿಗೆಗಳಿಗೆ ಕಾಯ್ದೆಬದ್ಧ ಜಂಟಿ ಮಂಡಳಿಗಳು ಬಂದವಾದರೂ, ಅವುಗಳ ಜೊತೆಗೆ ಹತ್ತೂ ಕೌನ್ಸಿಲುಗಳು ಸ್ವಇಚ್ಛೆಯಿಂದ ಒಂದು ಸಂಘವನ್ನು ರಚಿಸಿಕೊಂಡು ಪಕ್ಷಭೇದವಿಲ್ಲದೆ ಕೂಡಿ ಚರ್ಚಿಸುವುದನ್ನು ಮುಂದುವರಿಸಿದವು. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಒಡೆತನವನ್ನು ಅವು ಆಗ ಹಂಚಿಕೊಂಡ ರೀತಿ ಈ ಮನೋಧರ್ಮವನ್ನು ಸ್ಪಷ್ಟಪಡಿಸುತ್ತದೆ: ನೂರರಲ್ಲಿ 55 ಪಾಲು ಮ್ಯಾಂಚೆಸ್ಟರ್ ನಗರಕ್ಕೆ, ಉಳಿದ ಒಂಬತ್ತು ಬರೋಗಳಿಗೆ ತಲಾ 5 ಪಾಲು ಸಂದವು. ಲಾಭ ಬಂದರೆ ದೂರದ ವಿಗನ್ನಿಗೂ ಬೆಟ್ಟದ ಬುಡದ ರಾಚ್‌ಡೇಲಿಗೂ ಪಾಲು ಸಲ್ಲುವಂತಿದ್ದುದರಿಂದ, ಒಟ್ಟಾಗಿ ಉಳಿಯುವುದರಲ್ಲಿ ಪ್ರತಿಯೊಂದಕ್ಕೂ ಹಿತವಿತ್ತು. ಸುರಂಗ ಕೈತಪ್ಪಿದ ಮೇಲೆ ಅಗ್ಗದ ದಾರಿಯಾಗಿ ಯೋಜಿಸಿದ ‘ಮೆಟ್ರೊಲಿಂಕ್’ ಟ್ರಾಮು, ಬರಿ ಮತ್ತು ಆಲ್ಟ್ರಿಂಕಮ್ಮಿನ ಹಳೆಯ ರೈಲುಹಳಿಗಳನ್ನು ನಗರದ ಬೀದಿಗಳ ಮೂಲಕ ಜೋಡಿಸಿ 1992ರಲ್ಲಿ ಓಡತೊಡಗಿತು.

ಜನಸಂಖ್ಯೆಯ ಏರಿಳಿತದಲ್ಲಿ ಇದೇ ಕಾಲದ ಕಷ್ಟವೂ ಚೇತರಿಕೆಯೂ ದಾಖಲಾಗಿವೆ. ಕೆಲಸ ಅರಸಿ ಜನ ಹೊರಹೋದಂತೆ ಮ್ಯಾಂಚೆಸ್ಟರ್ ನಗರದ ಜನಸಂಖ್ಯೆ 2001ರ ಗಣತಿಯಲ್ಲಿ 4 ಲಕ್ಷಕ್ಕಿಂತ ಕೆಳಗಿಳಿದು, ವಿಶ್ವವಿದ್ಯಾಲಯಗಳು, ಹಣಕಾಸು ಮತ್ತು ಮಾಧ್ಯಮ ಉದ್ಯಮಗಳು ಬೆಳೆದ ಮೇಲೆ 2021ರಲ್ಲಿ ಸುಮಾರು 5 ಲಕ್ಷ 52 ಸಾವಿರಕ್ಕೆ ಏರಿತು. ಇಡೀ ಕೌಂಟಿಯ ಸಂಖ್ಯೆ ಇದೇ ಇಪ್ಪತ್ತು ವರ್ಷಗಳಲ್ಲಿ ಸುಮಾರು 24 ಲಕ್ಷ 82 ಸಾವಿರದಿಂದ 28 ಲಕ್ಷ 68 ಸಾವಿರಕ್ಕೆ ಹೆಚ್ಚಿತು. ಬರೋಗಳಲ್ಲಿ ಮ್ಯಾಂಚೆಸ್ಟರಿನ ನಂತರದ ಸ್ಥಾನ 2021ರಲ್ಲಿ 3 ಲಕ್ಷ 29 ಸಾವಿರ ಜನರಿದ್ದ ವಿಗನ್ನಿನದು. ಎಲ್ಲಕ್ಕಿಂತ ಚಿಕ್ಕದಾದ ಬರಿಯಲ್ಲಿ 2 ಲಕ್ಷಕ್ಕೆ ತುಸು ಕಡಿಮೆ ಜನರಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಬಂದವರು ಗಿರಣಿಯ ಕೆಲಸಕ್ಕೆ ಸೇರಿದಂತೆ, 1950 ಮತ್ತು 60ರ ದಶಕಗಳಲ್ಲಿ ಪಾಕಿಸ್ತಾನ, ಇಂದಿನ ಬಾಂಗ್ಲಾದೇಶ ಮತ್ತು ಗುಜರಾತಿನಿಂದ ಬಂದವರು ಓಲ್ಡಮ್, ರಾಚ್‌ಡೇಲ್, ಬೋಲ್ಟನ್ನುಗಳಲ್ಲಿ, ಸ್ಥಳೀಯರು ಒಲ್ಲದ ರಾತ್ರಿಪಾಳಿಯ ದುಡಿಮೆಗೆ ನಿಂತರು. ಗಿರಣಿಗಳು ಮುಚ್ಚಿದರೂ ಅವರ ಮಕ್ಕಳು ಮೊಮ್ಮಕ್ಕಳು ಆ ಪಟ್ಟಣಗಳಲ್ಲೇ ನೆಲೆಸಿದ್ದಾರೆ. ದಕ್ಷಿಣದ ಟ್ರಾಫರ್ಡ್ ಮತ್ತು ಸ್ಟಾಕ್‌ಪೋರ್ಟ್ ಬರೋಗಳ ಉಪನಗರಗಳು ಅನುಕೂಲಸ್ಥವಾಗಿದ್ದು, ಉತ್ತರದ ಹಳೆಯ ಗಿರಣಿ ಪಟ್ಟಣಗಳು ಹಿಂದುಳಿದಿರುವ ಅಂತರ ಇಂದಿಗೂ ಕೌಂಟಿಯ ರಾಜಕೀಯವನ್ನು ಕಾಡುತ್ತಿದೆ.

2011ರ ಏಪ್ರಿಲ್ 1ರಂದು ಹತ್ತು ಬರೋಗಳ ಕೂಟಕ್ಕೆ ‘ಸಂಯುಕ್ತ ಪ್ರಾಧಿಕಾರ’ ಎಂಬ ಶಾಸನಬದ್ಧ ರೂಪ ದೊರೆಯಿತು. ಇಂಗ್ಲೆಂಡಿನಲ್ಲಿ ಇಂಥ ಮೊದಲ ಸಂಸ್ಥೆ ಇದೇ. ಹತ್ತು ಕೌನ್ಸಿಲುಗಳ ನಾಯಕರೇ ಇದರ ಸದಸ್ಯರಾದ್ದರಿಂದ, 1974ರ ಕೌನ್ಸಿಲಿನಂತೆ ಬರೋಗಳ ತಲೆಯ ಮೇಲೆ ಕೂತ ಪ್ರತ್ಯೇಕ ಚುನಾಯಿತ ಸಭೆ ಇಲ್ಲಿಲ್ಲ. 2014ರ ನವೆಂಬರಿನಲ್ಲಿ ಖಜಾನೆ ಸಚಿವ ಜಾರ್ಜ್ ಆಸ್ಬಾರ್ನ್ ಅವರೊಂದಿಗೆ ಆದ ಒಪ್ಪಂದದಂತೆ ಸಾರಿಗೆ, ವಸತಿ, ಕೌಶಲ ತರಬೇತಿಯ ಅಧಿಕಾರಗಳು ವರ್ಗವಾಗಿ, ಪ್ರತಿಯಾಗಿ ಕೌಂಟಿ ನೇರವಾಗಿ ಚುನಾಯಿತನಾದ ಮೇಯರನನ್ನು ಒಪ್ಪಿಕೊಂಡಿತು. ಎರಡೇ ವರ್ಷಗಳ ಹಿಂದೆ, 2012ರಲ್ಲಿ, ಮ್ಯಾಂಚೆಸ್ಟರ್ ನಗರದ ಮತದಾರರು ತಮ್ಮ ನಗರಕ್ಕೆ ಇಂಥ ಮೇಯರ್ ಬೇಡವೆಂದು ಜನಮತದಲ್ಲಿ ತಿರಸ್ಕರಿಸಿದ್ದರು. ಕೌಂಟಿಯ ಮೇಯರ್ ಹುದ್ದೆಗೆ ಜನಮತ ಕೇಳಲಿಲ್ಲ. 2017ರ ಮೇ ತಿಂಗಳಿನಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಲೇಬರ್ ಪಕ್ಷದ ಆಂಡಿ ಬರ್ನಮ್ ಗೆದ್ದು, 2021 ಮತ್ತು 2024ರಲ್ಲಿ ಮರುಆಯ್ಕೆಯಾದರು. ಪೊಲೀಸು ಮತ್ತು ಅಗ್ನಿಶಾಮಕದ ಹೊಣೆಯೂ ಈ ಹುದ್ದೆಗೇ ಬಂದಿತು. ಥ್ಯಾಚರ್ ಸರ್ಕಾರ 1986ರಲ್ಲಿ ಖಾಸಗಿ ಕಂಪನಿಗಳ ಪೈಪೋಟಿಗೆ ಬಿಟ್ಟಿದ್ದ ಬಸ್ಸುಗಳನ್ನು, 2017ರ ಕಾಯ್ದೆಯ ಬಲದಿಂದ, ಸಾರ್ವಜನಿಕ ನಿಯಂತ್ರಣಕ್ಕೆ ಮರಳಿ ತರಲಾಯಿತು: ಮಾರ್ಗ, ವೇಳೆ, ದರಗಳನ್ನು ಪ್ರಾಧಿಕಾರ ನಿಗದಿಮಾಡುವ, ಕಂಪನಿಗಳು ಗುತ್ತಿಗೆಯ ಮೇಲೆ ಓಡಿಸುವ ಈ ಪದ್ಧತಿ 2023ರ ಸೆಪ್ಟೆಂಬರಿನಲ್ಲಿ ವಿಗನ್, ಬೋಲ್ಟನ್ ಕಡೆಯಿಂದ ಆರಂಭವಾಗಿ 2025ರ ಜನವರಿಯ ಹೊತ್ತಿಗೆ ಹತ್ತೂ ಬರೋಗಳಿಗೆ ವಿಸ್ತರಿಸಿತು. ಲಂಡನ್ನಿನ ಹೊರಗೆ ಇಂಗ್ಲೆಂಡಿನ ಬೇರಾವ ಪ್ರದೇಶವೂ ಅದಕ್ಕೆ ಮೊದಲು ಹಾಗೆ ಮಾಡಿರಲಿಲ್ಲ.

ಈ ಸಾಧನೆಗೆ ಮಿತಿಗಳೂ ಇವೆ. ನಗರದೊಳಗೆ ಬರುವ ವಾಹನಗಳಿಗೆ ಶುಲ್ಕ ವಿಧಿಸಿ ಸಾರಿಗೆಗೆ ಹಣ ಕೂಡಿಸುವ ಪ್ರಸ್ತಾವವನ್ನು 2008ರಲ್ಲಿ ಜನಮತಕ್ಕಿಟ್ಟಾಗ ಹತ್ತೂ ಬರೋಗಳು ಅದನ್ನು ಭಾರೀ ಬಹುಮತದಿಂದ ತಿರಸ್ಕರಿಸಿದವು. ತೆರಿಗೆ ಎತ್ತುವ ಸ್ವಂತ ಅಧಿಕಾರ ಅತ್ಯಲ್ಪವಾದುದರಿಂದ ದೊಡ್ಡ ಮೊತ್ತಕ್ಕೆಲ್ಲ ಮೇಯರ್ ಲಂಡನ್ನಿನ ಖಜಾನೆಯನ್ನೇ ಆಶ್ರಯಿಸಬೇಕು. ಲಿಖಿತ ಸಂವಿಧಾನವಿಲ್ಲದ ಆ ದೇಶದಲ್ಲಿ ಸಂಸತ್ತು ಕೊಟ್ಟ ಅಧಿಕಾರವನ್ನು ಸಂಸತ್ತೇ ಹಿಂಪಡೆಯಬಹುದೆಂಬುದನ್ನು 1986 ತೋರಿಸಿಕೊಟ್ಟಿದೆ. ಆದರೆ ಅದೇ 1986ರ ಅನುಭವ ಇನ್ನೊಂದನ್ನೂ ತಿಳಿಸುತ್ತದೆ: ಮೇಲಿನಿಂದ ಹೇರಿದ ಕೌನ್ಸಿಲನ್ನು ಒಂದು ಕಾಯ್ದೆ ಅಳಿಸಿತು; ನದಿ, ಕಾಲುವೆ, ಹಳಿ ಮತ್ತು ದಿನನಿತ್ಯದ ದುಡಿಮೆಯಿಂದ ಹೆಣೆದುಕೊಂಡ ಹತ್ತು ಊರುಗಳ ಪರಸ್ಪರ ಅವಲಂಬನೆಯನ್ನು ಅಳಿಸಲಾಗಲಿಲ್ಲ. ಇಂದಿನ ಪ್ರಾಧಿಕಾರ ಎಷ್ಟು ಕಾಲ ಬಾಳುತ್ತದೆಂಬುದು ಲಂಡನ್ನಿನ ಔದಾರ್ಯದಷ್ಟೇ, ಮ್ಯಾಂಚೆಸ್ಟರಿನ ಏಳಿಗೆಯ ಪಾಲು ಓಲ್ಡಮ್, ರಾಚ್‌ಡೇಲ್, ವಿಗನ್ನುಗಳಿಗೆ ಎಷ್ಟು ಸಲ್ಲುತ್ತದೆಂಬುದನ್ನೂ ಅವಲಂಬಿಸಿದೆ.